ಶಂಭಣ್ಣನ ಅಮೋನೈಟು

ಕುಬಿಹಾಳದಲ್ಲಿ ಬಸ್ಸು ಇಳಿದು ಎರೆ ಹೊಲಗಳ ನಡುವಿನ ದಾರಿಯಲ್ಲಿ ಮೂರು ಕಿಲೋಮೀಟರು ನಡೆದರೆ ಕಡ್ಲಿಗಟ್ಟಿ ಎಂಬ ಊರು ಸಿಗುತ್ತದೆ. ಮಳೆ ಬಿದ್ದ ದಿನ ನಡೆದರೆ ಊರು ಸಿಗುತ್ತದೆ, ಕಾಲಲ್ಲಿದ್ದ ಚಪ್ಪಲಿ ಸಿಗುವುದಿಲ್ಲ. ಈ ಊರಿನಲ್ಲಿ ಒಬ್ಬ ವಿಜ್ಞಾನಿ ಇದ್ದ. ಹೆಸರು ಶಂಭುಲಿಂಗಪ್ಪ. ಅವನನ್ನು ವಿಜ್ಞಾನಿ ಎಂದು ನೇಮಿಸಿದವರು ಯಾರು ಎಂದು ಮಾತ್ರ ಕೇಳಬಾರದು. ಬೇರೆ ಯಾರೂ ಮುಂದೆ ಬರದ ಕಾರಣ ಆ ಕೆಲಸವನ್ನು ಅವನೇ ಮಾಡಿಕೊಂಡಿದ್ದ.

ಹಾಗೆಂದು ಅವನ ಅರ್ಹತೆ ಕಡಿಮೆಯದೇನಲ್ಲ. ಕುಂದಗೋಳದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಜವಾನನಾಗಿದ್ದು, ಪ್ರಯೋಗಶಾಲೆಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡಿದವನು ಅವನು. ವಿಜ್ಞಾನದ ಮಾಸ್ತರರು ಎಷ್ಟೋ ಮಂದಿ ಬಂದರು, ವರ್ಗವಾಗಿ ಹೋದರು. ಬೀಗದ ಕೈ ಶಂಭಣ್ಣನ ಸೊಂಟ ಬಿಡಲಿಲ್ಲ. ಅಲ್ಲಿನ ಗಾಜಿನ ಕಪಾಟಿನಲ್ಲಿ ಸುರುಳಿ ಸುತ್ತಿದ, ಅಂಗೈ ಅಗಲದ, ಬೂದಿ ಬಣ್ಣದ ಒಂದು ಕಲ್ಲು ಇತ್ತು. ಅದರ ಕೆಳಗೆ 'ಅಮೋನೈಟ್. ಸಮುದ್ರದ ಪ್ರಾಣಿ. ಪಳೆಯುಳಿಕೆ. ವಯಸ್ಸು ಆರೂವರೆ ಕೋಟಿ ವರ್ಷಕ್ಕೂ ಮೇಲೆ' ಎಂದು ಚೀಟಿ. ಪ್ರತಿ ಶನಿವಾರ ಶಂಭಣ್ಣ ಅದರ ಧೂಳು ಒರೆಸುತ್ತಿದ್ದ. ಆ ಪ್ರಾಣಿಯನ್ನು ಹೆತ್ತ ತಾಯಿ ಕೂಡ ಅದರ ಮೈಯನ್ನು ಅಷ್ಟು ಸಲ ಒರೆಸಿರಲಿಕ್ಕಿಲ್ಲ. ನಿವೃತ್ತಿಯ ದಿನ ಶಾಲೆಯವರು ಒಂದು ಶಾಲು, ಒಂದು ಹಾರ, ಒಂದು ಭೂತಗನ್ನಡಿ ಕೊಟ್ಟರು. ಶಾಲನ್ನು ಹೆಂಡತಿ ರೇವವ್ವ ಟ್ರಂಕಿಗೆ ಹಾಕಿದಳು. ಹಾರ ಎಮ್ಮೆಯ ಪಾಲಾಯಿತು. ಭೂತಗನ್ನಡಿ ಶಂಭಣ್ಣನ ತಲೆಗೇರಿತು.

ಅಂದಿನಿಂದ ಎರಡು ವರ್ಷ ಅವನು ತಲೆ ಎತ್ತಿ ನಡೆದದ್ದನ್ನು ಯಾರೂ ಕಂಡಿಲ್ಲ. ತನ್ನ ಮೂರೆಕರೆ ಹೊಲ, ಹಳ್ಳದ ದಂಡೆ, ಕಂಡವರ ಬದು, ಎಲ್ಲ ಕಡೆ ಬಗ್ಗಿಕೊಂಡೇ ತಿರುಗಿದ. ಸಿಕ್ಕದ್ದನ್ನೆಲ್ಲ ತಂದು ಪಡಸಾಲೆಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಜೋಡಿಸಿ, ಶಾಲೆಯ ಪದ್ಧತಿಯಂತೆ ಒಂದೊಂದಕ್ಕೂ ನಾಲ್ಕು ಸಾಲಿನ ಚೀಟಿ ಬರೆದ: ಹೆಸರು, ಸಿಕ್ಕ ಸ್ಥಳ, ವಯಸ್ಸು, ಪತ್ತೆ ಮಾಡಿದವರು. ವಯಸ್ಸಿನಲ್ಲಿ ಅವನು ಕೋಟಿಗಿಂತ ಕೆಳಗೆ ಇಳಿದವನಲ್ಲ. ಪತ್ತೆ ಮಾಡಿದವರು ಎಂಬಲ್ಲಿ ಎಲ್ಲ ಚೀಟಿಯ ಮೇಲೂ ಒಂದೇ ಹೆಸರು.

ಒಮ್ಮೆ ಡೈನೋಸಾರಿನ ತತ್ತಿಯೇ ಸಿಕ್ಕಿತು. ನುಣ್ಣಗೆ, ಉದ್ದುದ್ದಕ್ಕೆ, ಕರ್ರಗೆ ಇತ್ತು. ಪಕ್ಕದ ಮನೆಯ ಹಿತ್ತಲ ಗೋಡೆಯ ಹತ್ತಿರ ಬಿದ್ದಿತ್ತು. ಮೂರು ದಿನ ಅದನ್ನು ಹತ್ತಿಯಲ್ಲಿ ಸುತ್ತಿ ಇಟ್ಟ. ನಾಲ್ಕನೆಯ ದಿನ ಪಕ್ಕದ ಮನೆಯ ಅಬ್ದುಲ್‌ಸಾಬ ಹೆಂಡತಿ ಮರಿಯಮಬಿಯನ್ನು ಕರೆದುಕೊಂಡು ಬಂದ. ಊರಿನ ಚಹಾದಂಗಡಿ ಅವನದು.

"ಶಂಭಣ್ಣಾ, ಮೂರು ದಿನದಿಂದ ನಮ್ಮನ್ಯಾಗ ಚಟ್ನಿ ಅರದಿಲ್ಲ. ಆ ನಿನ್ನ ತತ್ತಿ ಒಂದೀಟು ತೋರಸ್ತಿಯೇನು?"

ಮರಿಯಮಬಿ ತತ್ತಿಯನ್ನು ಕೈಗೆತ್ತಿಕೊಂಡು, ಮೂಸಿ ನೋಡಿ, "ಇದು ನಮ್ಮತ್ತಿ ಕಾಲದ ಗುಂಡಕಲ್ಲು. ತೊಳದು ಬಿಸಲಿಗೆ ಇಟ್ಟಿದ್ದೆ. ಇನ್ನೂ ಬಳ್ಳೊಳ್ಳಿ ವಾಸನಿ ಹೋಗಿಲ್ಲ ನೋಡ್ರಿ," ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಆ ದಿನ ಚಹಾದಂಗಡಿಯಲ್ಲಿ ನಗೆ ತಡೆಯಲಾಗದೆ ಎರಡು ಕಪ್ಪು ಒಡೆದವು.

ನಗೆಯ ಸದ್ದು ಕೇಳಿ ರೇವವ್ವ ಎದ್ದು ಅಂಗಡಿಯವರೆಗೂ ನಡೆದು ಹೋಗಿದ್ದಳು. "ಯಾಕ ನಗತೀರಿ? ನಿಮ್ಮ ಪೈಕಿ ಯಾರರ ಒಬ್ಬರು ಎರಡು ವರ್ಷ ಒಂದ ಕೆಲಸದ ಬೆನ್ನ ಹತ್ತೀರೇನು? ಅವರಿಗೆ ಬೈಯೂದಿದ್ರ ನಾ ಬೈತೀನಿ. ಅದು ನನ್ನ ಕೆಲಸ. ನೀವು ನಡುವ ಬಾಯಿ ಹಾಕಬ್ಯಾಡ್ರಿ," ಎಂದು ಹೇಳಿ ತಿರುಗಿ ಬಂದಿದ್ದಳು. ಮನೆಗೆ ಬಂದು ತಾನು ಹೇಳಿದ ಕೆಲಸವನ್ನು ಒಂದು ತಾಸು ಚೊಕ್ಕಾಗಿ ಮಾಡಿದಳು. ಆದರೂ ಮರುದಿನ ಹಳೆಯ ಲಂಗದ ಬಟ್ಟೆಯಲ್ಲಿ ಅವನ ಕಲ್ಲುಗಳಿಗೆ ಸಣ್ಣ ಸಣ್ಣ ಚೀಲ ಹೊಲಿದುಕೊಟ್ಟಳು. ಇಡೀ ಊರಿನಲ್ಲಿ ಶಂಭಣ್ಣನನ್ನು ನೋಡಿ ನಗದ ಜೀವ ಅದೊಂದೇ.

ರೇವವ್ವನಿಗೂ ಒಂದು ಅಭಿಮಾನದ ವಿಷಯ ಇತ್ತು. ಅದು ಚಕ್ಕಲಿ. ಅವಳು ಶಲವಡಿಯ ಮಗಳು, ಚಕ್ಕಲಿಯ ಕೈ ತವರಿನಿಂದ ಬಂದದ್ದು. ಊರಿನ ಮಹಿಳಾ ಸಂಘದ ಹೆಂಗಸರು ಅವಳಿಂದಲೇ ಹಿಟ್ಟಿನ ಹದ ಕಲಿತವರು. ಪ್ರತಿ ದೀಪಾವಳಿಗೆ ಅಕ್ಕನ ಬಿದಿಗೆಯ ದಿನ ಅವಳ ತಮ್ಮ ಮಲಕಪ್ಪ ಶಲವಡಿಯಿಂದ ಬರುತ್ತಿದ್ದ. ಆ ದಿನ ಅಕ್ಕ ಬಡಿಸಿದ್ದನ್ನು ತಮ್ಮ ತಾಟಿನಲ್ಲಿ ಬಿಡುವ ಹಾಗಿಲ್ಲ. ಮಲಕಪ್ಪ ಬಿಟ್ಟವನೂ ಅಲ್ಲ. "ಇಷ್ಟು ವರ್ಷ ಆತು, ನನ್ನ ತಮ್ಮ ತಾಟು ಖಾಲಿ ಮಾಡದ ಎದ್ದಿಲ್ಲ," ಎಂದು ರೇವವ್ವ ಸಂಘದ ಪ್ರತಿ ಸಭೆಯಲ್ಲೂ ಹೇಳುತ್ತಿದ್ದಳು. ಸಭೆಯ ನಡಾವಳಿಯಲ್ಲಿ ಅದನ್ನು ಬರೆದುಕೊಳ್ಳುವುದೊಂದು ಬಾಕಿ ಇತ್ತು.

ಈಗ ಕಥೆಗೆ ಬರೋಣ. ಜೂನ್ ಮೊದಲ ವಾರ, ಹದವಾದ ಮಳೆ ಬಿದ್ದಿತ್ತು. ಹಿತ್ತಲ ತಿಪ್ಪೆಯ ಗೊಬ್ಬರ ಬೇಸಿಗೆಯಲ್ಲೇ ಹೊಲಕ್ಕೆ ಹೋಗಿ ಹರಡಿತ್ತು. ಇನ್ನು ಹೆಸರುಕಾಳು ಬಿತ್ತಬೇಕು. ಹಸಿ ಎಷ್ಟಿದೆ ನೋಡಿ ಬರಲು ರೇವವ್ವ ಗಂಡನನ್ನು ಕಳಿಸಿದಳು. ಅವನು ಹೊಲ ನೋಡಿದ. ಭೂತಗನ್ನಡಿ ಹಿಡಿದು ನೋಡಿದ.

ಮೂರನೆಯ ಸಾಲಿನಲ್ಲಿ, ಒಂದು ಎರೆಮಣ್ಣಿನ ಹೆಂಟೆಯಿಂದ ಅರ್ಧ ಹೊರಗೆ ಇಣುಕಿ, ಬೂದಿ ಬಣ್ಣದ ಸುರುಳಿಯೊಂದು ಕೂತಿತ್ತು. ಸುತ್ತಿನೊಳಗೆ ಸುತ್ತು, ಅದರೊಳಗೆ ಇನ್ನೊಂದು ಸುತ್ತು. ಸುತ್ತಿನ ಮೈಗೆಲ್ಲ ಸಣ್ಣ ಸಣ್ಣ ಗೀರು.

ಶಂಭಣ್ಣ ಅಲ್ಲೇ ಮಣ್ಣಲ್ಲಿ ಕೂತುಬಿಟ್ಟ. ಇಪ್ಪತ್ತೆಂಟು ವರ್ಷ ಒರೆಸಿದ ಕೈಗೆ ಗುರುತು ತಪ್ಪುವುದುಂಟೇ? ತಲೆಯ ಟಾವೆಲ್ಲು ಬಿಚ್ಚಿ ಅದರಲ್ಲಿ ಆ ಸುರುಳಿಯನ್ನು ಸುತ್ತಿದ, ಎದೆಗೆ ಅವಚಿಕೊಂಡ, ಓಡಿದ. ಬುತ್ತಿ ಹೊಲದಲ್ಲೇ ಉಳಿಯಿತು, ಚಪ್ಪಲಿ ಬದುವಿನಲ್ಲಿ ಉಳಿಯಿತು. ಹಸಿ ಎಷ್ಟಿದೆ ಎಂಬುದು ಅವನ ಮೊಣಕಾಲಿನವರೆಗೆ ಹತ್ತಿಕೊಂಡು ಮನೆಗೆ ಬಂತು.

"ಏ ರೇವಾ! ಸಿಕ್ತು!"

"ಏನ್ ಸಿಕ್ತ್ರಿ? ಕೊಡ್ರಿಲ್ಲೆ, ತೊಳದು ಕೊಡತೀನಿ."

"ಕೈ ಹಚ್ಚಬ್ಯಾಡ! ತೊಳೀಬಾರದು. ವೈಜ್ಞಾನಿಕ ಐತಿ."

ರೇವವ್ವ ದೂರದಿಂದಲೇ ಕತ್ತು ಚಾಚಿ ನೋಡಿದಳು. "ಒಂದೀಟು ಚಕ್ಕಲಿ ಇದ್ದಂಗ ಕಾಣತೈತೆಲ್ರಿ."

"ಇದು ಸಮುದ್ರದ ಪ್ರಾಣಿ! ಆರೂವರೆ ಕೋಟಿ ವರ್ಷದ್ದು. ಆವಾಗ ನಿಮ್ಮ ಶಲವಡಿನೂ ಇದ್ದಿಲ್ಲ, ಚಕ್ಕಲಿನೂ ಇದ್ದಿಲ್ಲ."

ಶಲವಡಿ ಇರದ ಒಂದು ಕಾಲ ಇತ್ತು ಎಂಬ ಮಾತು ರೇವವ್ವನಿಗೆ ಸೇರಲಿಲ್ಲ. ಆದರೂ ಗಂಡನ ಮುಖ ನೋಡಿ, ಸುರುಳಿಯ ಕೆಳಗೆ ಹಾಸಲು ಹತ್ತಿ ತಂದುಕೊಟ್ಟಳು. ಮದುವೆಯ ದಿನ ಕೂಡ ಆ ಮುಖ ಅಷ್ಟು ಅರಳಿರಲಿಲ್ಲ.

ಸಂಜೆಯೊಳಗೆ ಚಹಾದಂಗಡಿಯಲ್ಲಿ ಕಡ್ಲಿಗಟ್ಟಿಗೆ ಸಮುದ್ರ ಬಂತು. ಶಂಭಣ್ಣ ಕೂರುವ ಬಾಕಿನ ಮೇಲೆ ನಿಂತು, ಒಂದಾನೊಂದು ಕಾಲಕ್ಕೆ ಈ ಊರೆಲ್ಲ ನೀರೊಳಗೆ ಇತ್ತು, ಅಬ್ದುಲ್‌ಸಾಬನ ಅಂಗಡಿ ಇರುವ ಜಾಗದಲ್ಲಿ ಮೀನು ಓಡಾಡುತ್ತಿದ್ದವು ಎಂದು ವಿವರಿಸಿದ. ಹಣ್ಣು ಮುದುಕಿ ಖಾಸಿಂಬಿ ಚಹಾದ ಬಟ್ಟಲು ಕೆಳಗಿಟ್ಟು ದೊಡ್ಡದಾಗಿ ತಲೆಯಾಡಿಸಿದಳು.

"ಅದಕ್ಕ! ಅದಕ್ಕ ನಮ್ಮ ಬಾವಿ ನೀರು ಸವಳು! ಎಪ್ಪತ್ತು ವರ್ಷದಿಂದ ಕೇಳಾಕತ್ತೀನಿ, ಒಬ್ಬರೂ ಹೇಳಿರಲಿಲ್ಲ."

ಬಾವಿಯ ನೀರು ಸವಳು ಎಂಬುದು ಎಲ್ಲರ ನಾಲಿಗೆಗೂ ಗೊತ್ತಿದ್ದ ವಿಷಯ. ವಿಜ್ಞಾನಕ್ಕೆ ಸಾಕ್ಷಿ ಸಿಕ್ಕಂತಾಯಿತು. ಅಬ್ದುಲ್‌ಸಾಬ ಮೊದಲ ಸಲ ಶಂಭಣ್ಣನಿಗೆ 'ಸರ್' ಎಂದ. ಅವನ ಮೊಮ್ಮಗಳು ಮುಸರತ್ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದವಳು ರಜೆಗೆ ಬಂದಿದ್ದಳು. ಮೊಬೈಲಿನಲ್ಲಿ ಸುರುಳಿಯ ಫೋಟೋ ತೆಗೆದು ತನ್ನ ಭೂವಿಜ್ಞಾನದ ಅಮೃತಾ ಮೇಡಂಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: 'ಆಕಾರ ಅಮೋನೈಟಿನ ಹಾಗೆಯೇ ಇದೆ. ಆದರೆ ಆ ಭಾಗದ ಕಲ್ಲುಗಳು ಅಮೋನೈಟು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನವು. ಅಲ್ಲಿ ಸಿಕ್ಕಿದ್ದರೆ ಬಹಳ ಆಶ್ಚರ್ಯ. ಶುಕ್ರವಾರ ನಾನೇ ಬಂದು ನೋಡುತ್ತೇನೆ.'

ಶಂಭಣ್ಣನ ಕಿವಿಗೆ 'ಬಹಳ ಆಶ್ಚರ್ಯ' ಎಂಬ ಎರಡು ಮಾತು ಮಾತ್ರ ಬಿದ್ದವು. ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಅವನನ್ನು ಎಲ್ಲರೂ ಗಂಟೆ ಹೊಡೆಯಲಿಕ್ಕೆ, ನೀರು ತರಲಿಕ್ಕೆ ಕರೆದಿದ್ದರು. ಕಪಾಟಿನಲ್ಲಿ ಏನಿದೆ ಎಂದು ಅವನನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಈಗ ಕಾಲೇಜಿನ ಮೇಡಂ ಅವನನ್ನು ಕೇಳಲು ಬರುವವರಿದ್ದರು. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಮರುದಿನ ಪಂಚಾಯಿತಿಯ ಪಿಡಿಓ ಪ್ರಭು ಸಾಹೇಬರು ಮೋಟರ್‌ಸೈಕಲ್ಲಿನ ಮೇಲೆ ಬಂದರು. ನೌಕರಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ದಾಖಲೆ ಮಾಡದೆ ಬಿಟ್ಟ ಯಾವುದೋ ಒಂದು ವಿಷಯದಿಂದ ತಮ್ಮ ನೌಕರಿ ಹೋಗುತ್ತದೆ ಎಂದು ಸದಾ ಹೆದರುವ ಮನುಷ್ಯ.

"ಸಿಕ್ಕಿದ್ದು ಏನ್ರಿ? ಕಲ್ಲೋ, ಪ್ರಾಣಿಯೋ?"

"ಪ್ರಾಣಿರಿ. ಸಮುದ್ರದ್ದು."

"ಪ್ರಾಣಿ ಆದ್ರ ದಾಖಲ ಆಗಬೇಕು." ಸಾಹೇಬರು ಚೀಲದಿಂದ ಒಂದೊಂದೇ ರಿಜಿಸ್ಟರು ತೆಗೆದು ನೋಡಿದರು. ಮನೆಪಟ್ಟಿ, ನೀರಪಟ್ಟಿ, ಬೀದಿದೀಪ. ಹೊಲದಲ್ಲಿ ಸಿಕ್ಕ ಪ್ರಾಣಿಯನ್ನು ಬರೆಯುವ ಪುಸ್ತಕ ಪಂಚಾಯಿತಿಯಲ್ಲಿ ಒಂದೇ ಇತ್ತು. ಅದು ಕೊಂಡವಾಡದ್ದು. ಬೆಳೆಗೆ ನುಗ್ಗಿದ ಬಿಡಾಡಿ ದನಗಳನ್ನು ಹಿಡಿದು ಕಟ್ಟಿಹಾಕಿದಾಗ ಬರೆಯುವ ಪುಸ್ತಕ. ಸಾಹೇಬರು ಅದನ್ನೇ ತೊಡೆಯ ಮೇಲೆ ಹರಡಿ ಪೆನ್ನು ಬಿಚ್ಚಿದರು.

"ಬಣ್ಣ?"

"ಬೂದಿ."

"ಕೋಡು?"

"ಇಲ್ರಿ."

"ಬಾಲ?"

ಶಂಭಣ್ಣ ಭೂತಗನ್ನಡಿ ಹಿಡಿದು ಸುರುಳಿಯ ಕೊನೆಯನ್ನು ಪರೀಕ್ಷಿಸಿದ. "ಒಳಗ ಸುತ್ತಿಕೊಂಡೈತ್ರಿ."

"ಬೆಳಿ ಹಾನಿ ಮಾಡೇತೇನು?"

"ಬಿತ್ತಿಗಿನೂ ಆಗಿಲ್ರಿ."

"ಹಂಗಾದ್ರ ಬಿತ್ತಬ್ಯಾಡ್ರಿ. ಮೇಡಂ ಬಂದು ನೋಡೂತನಕ ಆ ಹೊಲದಾಗ ಯಾರೂ ಕಾಲಿಡಬಾರದು." ಸಾಹೇಬರು ಹೊಲದ ನಾಲ್ಕು ಮೂಲೆಗೆ ಕೋಲು ನೆಟ್ಟು, ಚುನಾವಣೆಯಲ್ಲಿ ಉಳಿದ ಕೆಂಪು ರಿಬ್ಬನ್ನು ಕಟ್ಟಿಸಿ ಹೋದರು. ಇತ್ತ ಹಸಿ ಆರುತ್ತಿತ್ತು. ಊರವರೆಲ್ಲ ಹೆಸರು ಬಿತ್ತಿ ಕೈ ತೊಳೆದುಕೊಂಡಿದ್ದರು. ರೇವವ್ವ ಬೀಜದ ಚೀಲವನ್ನು ಬಾಗಿಲಿಗೆ ತಂದಿಡುವುದು, ಒಳಗೆ ಒಯ್ಯುವುದು, ಮತ್ತೆ ತಂದಿಡುವುದು ಮಾಡಿದಳು. ಆದರೂ ಗಂಡನಿಗೆ ಶುಕ್ರವಾರ ಉಡಲು ಬಿಳಿ ಧೋತರ ಒಗೆದು, ಟ್ರಂಕಿನಿಂದ ಶಾಲು ತೆಗೆದಿಟ್ಟಳು.

ಗುರುವಾರ ಮಧ್ಯಾಹ್ನ ಶಲವಡಿಯಿಂದ ಮಲಕಪ್ಪ ಬಂದ. ಅಕ್ಕನ ಮನೆಯ ಹೊಲದಲ್ಲಿ ಸಮುದ್ರದ ಪ್ರಾಣಿ ಸಿಕ್ಕ ಸುದ್ದಿ ಅಣ್ಣಿಗೇರಿ ದಾಟಿ ಹೋಗಿತ್ತು. ಆರಡಿ ಆಳು, ಕಬ್ಬನ್ನು ಹಲ್ಲಿನಿಂದಲೇ ಸಿಗಿಯುವವನು. ಪಡಸಾಲೆಯಲ್ಲಿ ಕೂತು ಎದೆಯುಬ್ಬಿಸಿ, "ತೋರಸ್ರಿ ಮಾವಾರ, ನಮ್ಮ ಪ್ರಾಣಿ," ಎಂದ.

ಶಂಭಣ್ಣ ಹತ್ತಿಯ ಹಾಸಿಗೆಯ ಮೇಲೆ ಮಲಗಿದ್ದ ಸುರುಳಿಯನ್ನು ಮುಂದಿಟ್ಟ. ಮಲಕಪ್ಪ ಬಗ್ಗಿ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಹೊರಗೆ ಕಟ್ಟೆಯ ಕಡೆ ನೋಡಿದ. ಉಬ್ಬಿದ್ದ ಎದೆ ತನ್ನಷ್ಟಕ್ಕೆ ತಾನೇ ಇಳಿಯಿತು.

"ಮಾವಾರ, ಇದನ್ನ ಮೇಡಂಗೆ ತೋರಸಬ್ಯಾಡ್ರಿ."

"ಯಾಕೋ?"

"ನನ್ನ ಮಾತು ಕೇಳ್ರಿ. ಹಳ್ಳಕ್ಕ ಒಗದು ಬರೂಣು ನಡೀರಿ. ಲಕ್ಷಣ ಚಲೋ ಇಲ್ಲ ಅದರದು."

ಶಂಭಣ್ಣನಿಗೆ ಇದು ಚೆನ್ನಾಗಿ ಅರ್ಥವಾಯಿತು. ಸಂಬಂಧಿಕರ ಹೊಟ್ಟೆಕಿಚ್ಚು! ಅಂದು ಸಂಜೆಯೊಳಗೆ ಮಲಕಪ್ಪ ಎರಡು ಸಲ ಪೆಟ್ಟಿಗೆಯ ಹತ್ತಿರ ಸುಳಿದಾಡಿ ಸಿಕ್ಕಿಬಿದ್ದ ಮೇಲಂತೂ ಸಂಶಯ ಉಳಿಯಲಿಲ್ಲ. ಶಂಭಣ್ಣ ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ಹಳೆಯ ರೂಢಿಯಂತೆ ಉಡಿದಾರಕ್ಕೆ ಕಟ್ಟಿಕೊಂಡ.

ಶುಕ್ರವಾರ ಹತ್ತು ಗಂಟೆಗೆ ಅಮೃತಾ ಮೇಡಂ ಬಂದರು. ನಲವತ್ತರ ಆಸುಪಾಸಿನ, ತಲೆಗೆ ಟೋಪಿ, ಕಾಲಿಗೆ ಬೂಟು, ಸೊಂಟಕ್ಕೆ ಸಣ್ಣ ಸುತ್ತಿಗೆ ಸಿಕ್ಕಿಸಿದ ಹೆಣ್ಣುಮಗಳನ್ನು ಕಂಡು ಊರು ಎದ್ದು ನಿಂತಿತು. ಶಂಭಣ್ಣನ ಮನೆಯ ಕಟ್ಟೆಯ ಮುಂದೆ ಜನವೋ ಜನ. ಸಂಘದ ಹೆಂಗಸರು ಒಂದು ಕಡೆ, ರಿಜಿಸ್ಟರು ಹಿಡಿದ ಪ್ರಭು ಸಾಹೇಬರು ಒಂದು ಕಡೆ, ಕಂಬದ ಹಿಂದೆ ಅಡಗಿದ್ದೇನೆ ಎಂದುಕೊಂಡ ಆರಡಿಯ ಮಲಕಪ್ಪ ಒಂದು ಕಡೆ. ಶಂಭಣ್ಣ ಶಾಲು ಹೊದ್ದು, ಸುರುಳಿಯನ್ನು ಹಿತ್ತಾಳೆಯ ತಾಟಿನಲ್ಲಿಟ್ಟು ತಂದ.

ಮೇಡಂ ಅದನ್ನು ತಿರುಗಿಸಿ ನೋಡಿ, "ಒಂದು ಲಿಂಬಿಹಣ್ಣು ಸಿಗತದೇನ್ರಿ?" ಎಂದರು.

ಜನರಲ್ಲಿ ಗುಜುಗುಜು ಎದ್ದಿತು. ಲಿಂಬಿಹಣ್ಣು ಕೇಳಿದರೆಂದರೆ ದೃಷ್ಟಿ ತೆಗೆಯಲಿಕ್ಕೇ ಇರಬೇಕು. ವಿದ್ಯೆ ಕಲಿತರೂ ಮೇಡಂ ಪದ್ಧತಿ ಬಿಟ್ಟಿಲ್ಲ ಎಂದು ಹಿರಿಯರಿಗೆ ಸಂತೋಷವಾಯಿತು. ಅಬ್ದುಲ್‌ಸಾಬ ಅಂಗಡಿಯಿಂದ ಹಣ್ಣು ತಂದ. ಮೇಡಂ ಹೋಳು ಮಾಡಿ ಎರಡು ಹನಿ ಸುರುಳಿಯ ಮೇಲೆ ಹಿಂಡಿದರು. ಸುರುಳಿಯ ಮೈಮೇಲೆ ಬುಸಬುಸನೆ ಸಣ್ಣ ಗುಳ್ಳೆ ಎದ್ದವು.

"ಉಸರಾಡಾಕತ್ತೈತಿ!" ಖಾಸಿಂಬಿ ಚೀರಿದಳು. ಮುಂದಿದ್ದವರು ಹಿಂದಕ್ಕೆ ಸರಿದರು, ಹಿಂದಿದ್ದವರು ಮುಂದಕ್ಕೆ ನುಗ್ಗಿದರು. ಪ್ರಭು ಸಾಹೇಬರು 'ಆರೋಗ್ಯ' ಎಂಬಲ್ಲಿ 'ಜೀವಂತ' ಎಂದು ಬರೆದರು.

"ಏನಿಲ್ರಿ, ಸುಣ್ಣದ ಅಂಶ ಇದ್ರ ಹಿಂಗ ಆಗತದ," ಎಂದರು ಮೇಡಂ. "ಚಿಪ್ಪಿನ ಪಳೆಯುಳಿಕೆ ಒಳಗೂ ಸುಣ್ಣ ಇರತದ."

ಶಂಭಣ್ಣ ಜನರ ಕಡೆ ತಿರುಗಿ, "ಕೇಳಿದ್ರಿಲ್ಲೋ?" ಎಂದ. ಶಾಲು ಅರ್ಧ ಜಾರಿತ್ತು, ಸರಿ ಮಾಡಿಕೊಂಡ. ಅದೇ ಅವನ ವಿಜ್ಞಾನ ಜೀವನದ ಅತ್ಯಂತ ಎತ್ತರದ ಗಳಿಗೆ. ಸುಮಾರು ಅರ್ಧ ನಿಮಿಷ ಇತ್ತು.

ಮೇಡಂ ಒಂದು ಸೂಜಿ ತೆಗೆದು ಅಂಚನ್ನು ಕೆರೆದರು. ಬೂದಿ ಬಣ್ಣದ ಪದರ ಉದುರಿತು. ಒಳಗೆ ಕೆಂಪಗೆ ಏನೋ ಕಂಡಿತು. ಹುಬ್ಬು ಗಂಟಿಕ್ಕಿ ಮೂಸಿದರು. ಆಮೇಲೆ ಊರೆಲ್ಲ ನೋಡುತ್ತಿರುವಂತೆ ಅದಕ್ಕೆ ನಾಲಿಗೆ ಹಚ್ಚಿದರು.

"ಅಯ್ಯ, ನೆಕ್ಕಿದ್ರಲ್ಲ!" ಎಂದಳು ಮರಿಯಮಬಿ.

"ಅದೂ ಒಂದು ಪರೀಕ್ಷಾರಿ. ಹಳೇ ಎಲುಬು ಆದ್ರ ನಾಲಗಿಗೆ ಅಂಟತದ, ಕಲ್ಲಾದ್ರ ಅಂಟೂದಿಲ್ಲ." ಮೇಡಂ ಕಣ್ಣು ಮುಚ್ಚಿ, ನಾಲಿಗೆಯನ್ನು ತುಸು ಹೊತ್ತು ಬಾಯೊಳಗೆ ಆಡಿಸಿದರು. "ಎಳ್ಳು ಅದ," ಎಂದರು. ಮತ್ತೆ ಸ್ವಲ್ಪ ಯೋಚಿಸಿ, "ಅಜಿವಾನನೂ ಅದ. ಯಜಮಾನ್ರ, ಇದು ಚಕ್ಕಲಿ."

ಜನರ ಕಣ್ಣೆಲ್ಲ ಚಕ್ಕಲಿಯಿಂದ ಶಂಭಣ್ಣನ ಕಡೆ ತಿರುಗಿದವು.

"ಚಕ್ಕಲಿ ಹೊಲದಾಗ ಹೆಂಗ ಬರತೈತ್ರಿ?" ಶಂಭಣ್ಣನ ದನಿ ಎಲ್ಲಿಂದಲೋ ಬಂತು.

ಉತ್ತರ ಕಂಬದ ಹಿಂದಿನಿಂದ ಬಂತು. "ಅಕ್ಕಾ, ತಪ್ಪಾತು!" ಎನ್ನುತ್ತ ಮಲಕಪ್ಪ ಹೊರಬಂದು ರೇವವ್ವನ ಕಾಲ ಹತ್ತಿರ ಕುಕ್ಕರಿಸಿದ.

"ಹ್ವಾದ ಅಕ್ಕನ ಬಿದಿಗಿಗೆ ನೀ ತಾಟು ಹಚ್ಚಿ ಕೊಟ್ಟಿ. ಒಂದು ಚಕ್ಕಲಿ ಕಡದೆ. ಕಡೀಲಿಲ್ಲ. ಈ ದವಡಿ ಆತು, ಆ ದವಡಿ ಆತು, ಕಡಿಯವಲ್ದು. ಅಕ್ಕ ಕೊಟ್ಟಿದ್ದನ್ನ ತಾಟಿನ್ಯಾಗ ಬಿಡೂ ಹಂಗಿಲ್ಲ. ನೀ ಚಹಾ ತರಾಕ ಒಳಗ ಹೋದಿ. ಹಬ್ಬಕ್ಕ ಗ್ವಾಡಿಗೆ ಹಚ್ಚಿ ಉಳದ ಸುಣ್ಣದ ಬಕೆಟ್ ಕಟ್ಟಿ ಬಾಜೂಕ ಇತ್ತು. ಅದರಾಗ ಹಾಕಿಬಿಟ್ಟೆ."

ಉಳಿದದ್ದನ್ನು ಊಹಿಸುವುದು ಯಾರಿಗೂ ಕಷ್ಟವಾಗಲಿಲ್ಲ. ಬಕೆಟ್ಟಿನ ಸುಣ್ಣ ಗಟ್ಟಿಯಾಯಿತು, ತಿಪ್ಪೆಗೆ ಹೋಯಿತು. ತಿಪ್ಪೆ ಹೊಲಕ್ಕೆ ಹೋಯಿತು. ಇರುವೆ ಮುಟ್ಟಲಿಲ್ಲ, ಇಲಿ ಮುಟ್ಟಲಿಲ್ಲ. ಎಂಟು ತಿಂಗಳಲ್ಲಿ ಚಕ್ಕಲಿ ಆರೂವರೆ ಕೋಟಿ ವರ್ಷ ದಾಟಿತು.

"ಎಷ್ಟು ಹಾಕಿದಿ?" ರೇವವ್ವ ಕೇಳಿದಳು.

"ಐದ."

"ಅಂದ್ರ ಇನ್ನೂ ನಾಕು ಪ್ರಾಣಿ ಹೊಲದಾಗ ಅದಾವೇನ್ರಿ?" ಪ್ರಭು ಸಾಹೇಬರು ಗಾಬರಿಯಿಂದ ಪುಟ ತಿರುವಿದರು.

"ಊರಿಗೆ ಗಂಟು ಕಟ್ಟಿ ಕೊಟ್ಟಿದ್ನೆಲ್ಲ, ಅದು?"

"ಎಮ್ಮಿ ಮುಂದ ಇಟ್ಟೆ ಅಕ್ಕಾ. ಮೂಸಿ ನೋಡಿ ಬಾಜೂಕ ಸರದ ನಿಂತ್ತು."

ಅಷ್ಟೇ. ಊರು ತಡೆಯಲಾರದೆ ನಕ್ಕಿತು. ಗಂಡಸರು ನಕ್ಕರು, ಹುಡುಗರು ನಕ್ಕರು, ರೇವವ್ವನಿಂದ ಹಿಟ್ಟಿನ ಹದ ಕಲಿತ ಸಂಘದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ನಿಮ್ಮಾಕಿ ಚಕ್ಕಲಿ ಮ್ಯೂಜಿಯಮ್ಮಿಗೆ ಕಳಸೂಣು ನಡಿ ಶಂಭಣ್ಣಾ!" ಎಂದು ಯಾರೋ ಕೂಗಿದರು. ಈ ಸಲ ನಗೆ ತನ್ನ ಮೇಲಲ್ಲ ಎಂದು ಶಂಭಣ್ಣನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಭ್ಯಾಸ ಇರಲಿಲ್ಲ.

ಅವನು ಹೆಂಡತಿಯ ಕಡೆ ನೋಡಿದ. ರೇವವ್ವ ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನೆಲ ನೋಡುತ್ತ ನಿಂತಿದ್ದಳು. ಶಂಭಣ್ಣನಿಗೆ ಒಂದು ಸಂಗತಿ ನೆನಪಾಯಿತು. ಹಬ್ಬದ ಮುಂಚಿನ ದಿನ ರೇವವ್ವ ಚಕ್ಕಲಿ ಹಿಟ್ಟಿಗೆ ಹಾಕಲು ಎಣ್ಣೆ ಕಾಸುತ್ತಿದ್ದಾಗ, ಡೈನೋಸಾರಿನ ಉಗುರು ಸಿಕ್ಕಿದೆ, ತೊಳೆಯಲು ನೀರು ಹಿಡಿದು ಬಾ ಎಂದು ಹಿತ್ತಲಿನಿಂದ ಕೂಗಿದವನು ಅವನೇ. ಅರ್ಧ ತಾಸು ಅವಳು ತಂಬಿಗೆ ಹಿಡಿದು ನಿಂತಿದ್ದಳು. ಉಗುರು ಎಂದದ್ದು ಮುರಿದ ಕುಡಗೋಲಿನ ತುದಿಯಾಯಿತು. ಒಳಗೆ ಹೋದವಳು ಎಣ್ಣೆ ಹಾಕುವುದನ್ನು ಮರೆತು ಹಿಟ್ಟು ನಾದಿದ್ದಳು. ಎಣ್ಣೆ ಕಾಣದೆ ಕಲ್ಲಾದ ಆ ಮೊದಲ ಒಬ್ಬೆಯ ಚಕ್ಕಲಿಯೇ ಮಲಕಪ್ಪನ ತಾಟಿಗೆ ಬಿದ್ದದ್ದು.

ಶಂಭಣ್ಣ ಶಾಲು ತೆಗೆದು ಕಟ್ಟೆಯ ಮೇಲಿಟ್ಟ. ಮೇಡಂ ಕೈಯಿಂದ ಚಕ್ಕಲಿ ಇಸಕೊಂಡ. ತಂಬಿಗೆಯ ನೀರಲ್ಲಿ ತೊಳೆದು, ಧೋತರದ ಚುಂಗಿನಿಂದ ಸುಣ್ಣ ಒರೆಸಿದ. ಒರೆಸುವುದರಲ್ಲಿ ಅವನ ಕೈ ಪಳಗಿತ್ತು.

"ನಗೂದು ಸಾಕು ಮಾಡ್ರಿ," ಎಂದ. "ಇದು ಕಲ್ಲಲ್ಲ. ನಮ್ಮಾಕಿ ಮಾಡಿದ ಚಕ್ಕಲಿ. ತಿನ್ನಾಕ ಮಾಡಿದ್ದು, ನಾ ತಿಂತೀನಿ."

"ಬ್ಯಾಡ್ರಿ ಯಜಮಾನ್ರ, ಸುಣ್ಣ ಇನ್ನೂ ಅದ!" ಎಂದರು ಮೇಡಂ.

"ಎಲಿಗೆ ಹಚ್ಚಿ ದಿನಾ ತಿಂತೀನ್ರಿ."

ಬಾಯಿಗೆ ಇಟ್ಟ. ಕಣ್ಣು ಮುಚ್ಚಿ ಕಡಿದ. ಟಕ್ ಎಂದು ಸದ್ದಾಯಿತು. ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಮುರಿದದ್ದು ಚಕ್ಕಲಿಯೋ ಬೇರೇನೋ ಎಂದು ಯಾರಿಗೂ ಗೊತ್ತಾಗಲಿಲ್ಲ. ಶಂಭಣ್ಣನ ಕಣ್ಣಿನಿಂದ ನೀರು ಇಳಿಯಿತು. ದವಡೆ ಮಾತ್ರ ನಿಲ್ಲಲಿಲ್ಲ. ಒಂದು ಸುತ್ತು ಹೋಯಿತು. ಎರಡನೆಯ ಸುತ್ತು ಹೋಯಿತು. ನಗುತ್ತಿದ್ದವರು ನಿಲ್ಲಿಸಿದರು. ಅಬ್ದುಲ್‌ಸಾಬ ನೀರು ತಂದು ಹಿಡಿದ, ಶಂಭಣ್ಣ ಕೈಯಿಂದಲೇ ಬೇಡವೆಂದ. ಊರೆಲ್ಲ ಸಾಕ್ಷಿಯಾಗಿ ನಿಂತು, ಒಬ್ಬ ಮನುಷ್ಯ ಒಂದು ಚಕ್ಕಲಿ ತಿನ್ನುವುದನ್ನು ಕಾಲು ತಾಸು ನೋಡಿತು. ಕೊನೆಯ ಚೂರನ್ನು ನುಂಗಿ, ಬಾಯಿ ಒರೆಸಿಕೊಂಡು ಅವನು ಹೇಳಿದ:

"ಉಪ್ಪು ಖಾರ ಬರೋಬ್ಬರಿ ಐತಿ."

ರೇವವ್ವ ತಲೆ ಎತ್ತಿದಳು. ಗಂಡನ ಮುಖ ನೋಡಿದಳು. "ಏನ್ರಿ, ನಿಮ್ಮ ಮುಂದಿನ ಹಲ್ಲು ಎಲ್ಲೆ?"

ಶಂಭಣ್ಣ ನಾಲಿಗೆಯಿಂದ ತಡವಿ ನೋಡಿದ. ಅಲ್ಲಿ ಹಲ್ಲು ಇರಲಿಲ್ಲ. ತಕ್ಷಣ ಊರು ಬಗ್ಗಿತು. ಎರಡು ವರ್ಷ ಶಂಭಣ್ಣ ಒಬ್ಬನೇ ಬಗ್ಗಿ ನಡೆದ ಊರಿನಲ್ಲಿ ಅಂದು ಅವನನ್ನು ಬಿಟ್ಟು ಉಳಿದವರೆಲ್ಲ ನೆಲ ನೋಡುತ್ತ ತಿರುಗಿದರು. ಮೇಡಂ ಕೂಡ ಟೋಪಿ ತೆಗೆದು ಹುಡುಕಿದರು. ರೇವವ್ವ ಗಂಡನ ಜೇಬಿನಿಂದ ಭೂತಗನ್ನಡಿ ಕಿತ್ತುಕೊಂಡು ಕಟ್ಟೆಯ ಸಂದಿಯಲ್ಲಿ ಕೈ ಹಾಕಿದಳು.

"ಇಲ್ಲೈತಿ!"

ಮೇಡಂ ಹೊರಡುವ ಮುನ್ನ ಶಂಭಣ್ಣನಿಗೆ ಕೈ ಮುಗಿದು, "ಆಕಾರ ಗುರುತಿಸಿದ್ದು ಬರೋಬ್ಬರಿ ಇತ್ರಿ. ಕಾಲ ಒಂದೀಟು ಹೆಚ್ಚೂ ಕಡಿಮಿ ಆತು," ಎಂದರು. ಪ್ರಭು ಸಾಹೇಬರು ಮಾತ್ರ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು. ಕೊಂಡವಾಡದ ಪುಸ್ತಕದಲ್ಲಿ ಪ್ರಾಣಿಯನ್ನು ಹರಾಜು ಮಾಡಿದ್ದಕ್ಕೆ ಒಂದು ಖಾನೆ ಇತ್ತು, ಮಾಲೀಕರು ಬಿಡಿಸಿಕೊಂಡು ಹೋದದ್ದಕ್ಕೆ ಒಂದು ಖಾನೆ ಇತ್ತು. ಮಾಲೀಕರು ತಿಂದದ್ದಕ್ಕೆ ಇರಲಿಲ್ಲ. ಬಹಳ ಯೋಚಿಸಿ 'ಪ್ರಾಣಿಯು ಸದ್ಯ ಮಾಲೀಕರ ಒಳಗಿದೆ' ಎಂದು ಬರೆದು ಸಹಿ ಹಾಕಿದರು. ಮಲಕಪ್ಪನಿಗೆ ಅಕ್ಕ ಶಿಕ್ಷೆ ವಿಧಿಸಿದಳು. ಉಳಿದ ನಾಲ್ಕನ್ನು ಹುಡುಕಿ ತೆಗೆದು, ಆಮೇಲೆ ಆ ಮೂರೆಕರೆಯನ್ನು ಅವನೇ ಬಿತ್ತಿ ಶಲವಡಿಗೆ ಹೋಗಬೇಕು. ಅವನು ರಿಬ್ಬನ್ನು ಕಿತ್ತು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟ.

ಸಂಜೆ ರೇವವ್ವ ಗಂಡನಿಗೆ ಮೆತ್ತಗೆ ಅನ್ನ ಬೇಯಿಸಿ ಹಾಲು ಕಲಸಿ ಕೊಟ್ಟಳು. ಅವತ್ತು ಎಣ್ಣೆ ಕಾಸುವಾಗ ಕರೆದದ್ದು ಯಾರು ಎಂದು ತನ್ನ ಕೆಲಸವನ್ನೂ ತುಸು ಹೊತ್ತು ಮಾಡಿದಳು. ಶಂಭಣ್ಣ ಎಲ್ಲದಕ್ಕೂ ಹೌದು ಹೌದು ಎಂದ. ಊಟ ಮುಗಿಸಿ ಪೆಟ್ಟಿಗೆ ತೆರೆದು ನೋಡಿದ. ಸುರುಳಿ ಇದ್ದ ಜಾಗದಲ್ಲಿ ಹತ್ತಿಯ ಹಾಸಿಗೆ ಖಾಲಿ ಬಿದ್ದಿತ್ತು. ರೇವವ್ವ ಬಂದು ಸೆರಗಿನ ಗಂಟು ಬಿಚ್ಚಿ, ಹಲ್ಲನ್ನು ಆ ಹತ್ತಿಯ ಮೇಲೆ ಇಟ್ಟಳು. ಅವನು ಅಮೋನೈಟಿಗೆಂದು ಕತ್ತರಿಸಿಟ್ಟಿದ್ದ ಹೊಸ ಚೀಟಿ ಹಾಗೇ ಇತ್ತು. ಸ್ಕೆಚ್ ಪೆನ್ನು ತೆಗೆದುಕೊಂಡು ಬರೆಯಲು ಕೂತಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ದುಂಡಗೆ ಇದ್ದವು.

ಹೆಸರು: ಶಂಭುಲಿಂಗಪ್ಪ. ಸಿಕ್ಕ ಸ್ಥಳ: ನಮ್ಮ ಮನಿ ಕಟ್ಟಿ. ವಯಸ್ಸು: ಅರವತ್ತೆರಡು.

ಶಂಭಣ್ಣ ಪಕ್ಕದಲ್ಲಿ ಕೂತು ನೋಡುತ್ತಿದ್ದ. ನಾಲ್ಕನೆಯ ಸಾಲಿಗೆ ಬಂದಾಗ ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಬಗ್ಗಿ ಬರೆದಳು. ಪತ್ತೆ ಮಾಡಿದವರು: ರೇವವ್ವ.